ಗ್ರೀಕ್-ಲ್ಯಾಟಿನ್ ಉನ್ನತ ವ್ಯಾಸಂಗ ಮತ್ತು ಇಂದಿನ ಇಕ್ಕಟ್ಟು

ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ‘ಕ್ಲಾಸಿಕ್ಸ್’ ಎಂದು ಕರೆಯಲ್ಪಡುವ ವಿದ್ಯೆಯು ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನೂ, ಆ ಭಾಷೆಗಳಲ್ಲಿ ಬಾಳಿದ ಜನರ ಸಾಹಿತ್ಯ, ಇತಿಹಾಸ, ದರ್ಶನ, ಶಾಸನ, ಶಿಲ್ಪಗಳನ್ನೂ ಕುರಿತದ್ದು. ಈ ಹೆಸರಿನ ಮೂಲ ಕುತೂಹಲಕರವಾಗಿದೆ. ರೋಮನ್ನರು ತಮ್ಮ ಪ್ರಜೆಗಳನ್ನು ಆಸ್ತಿಯ ಪ್ರಮಾಣಕ್ಕನುಗುಣವಾಗಿ ವರ್ಗಗಳಾಗಿ ವಿಂಗಡಿಸಿದ್ದರು. ಎಲ್ಲಕ್ಕಿಂತ ಹೆಚ್ಚು ಆಸ್ತಿಯುಳ್ಳ ಮೊದಲನೆಯ ವರ್ಗದವನಿಗೆ ‘ಕ್ಲಾಸಿಕಸ್’ ಎಂದು ಹೆಸರು. ಕ್ರಿ. ಶ. ಎರಡನೆಯ ಶತಮಾನದ ಔಲಸ್ ಗೆಲ್ಲಿಯಸ್ ತನ್ನ ‘ಆಟ್ಟಿಕ್ ರಾತ್ರಿಗಳು’ ಎಂಬ ಗ್ರಂಥದಲ್ಲಿ ಈ ಶಬ್ದವನ್ನು ಲೇಖಕರಿಗೆ ಅನ್ವಯಿಸಿ, ಪ್ರಮಾಣಭೂತನಾದ ಬರಹಗಾರನನ್ನು ‘ಕ್ಲಾಸಿಕಸ್’ ಎಂದೂ, ಹಾಗಲ್ಲದವನನ್ನು ಆಸ್ತಿಯಿಲ್ಲದ ಪ್ರಜೆಗಿದ್ದ ಹೆಸರಿನಿಂದಲೂ ಸೂಚಿಸಿದ್ದಾನೆ. ಹೀಗೆ ಕಂದಾಯದ ಪಟ್ಟಿಯಿಂದ ಬಂದ ಮಾತೊಂದು ವಿದ್ಯೆಯ ಹೆಸರಾಯಿತು. ಇಂದು ಆ ವಿದ್ಯೆಯಲ್ಲಿ ಡಾಕ್ಟರೇಟ್ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸುವ ತರುಣ ತರುಣಿಯರು ಮೊದಲು ಎದುರಿಸಬೇಕಾದ ಪ್ರಶ್ನೆಯೂ ಹಣದ್ದೇ ಆಗಿರುವುದನ್ನು ಕಂಡರೆ, ಹೆಸರು ತನ್ನ ಹುಟ್ಟನ್ನು ಮರೆತಿಲ್ಲವೆನ್ನಬೇಕು.

ಈ ಅಧ್ಯಯನಕ್ಕೆ ಸ್ವತಂತ್ರ ಶಾಸ್ತ್ರದ ರೂಪ ಬಂದುದು ಜರ್ಮನಿಯಲ್ಲಿ. ೧೭೭೭ರಲ್ಲಿ ಫ್ರೀಡ್ರಿಖ್ ಆಗಸ್ಟ್ ವೋಲ್ಫ್ ಎಂಬ ತರುಣನು ಗಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರುವಾಗ, ಧರ್ಮಶಾಸ್ತ್ರದ ವಿದ್ಯಾರ್ಥಿಯೆಂದು ಹೆಸರು ಬರೆಸಲೊಪ್ಪದೆ, ‘ಭಾಷಾಶಾಸ್ತ್ರದ ವಿದ್ಯಾರ್ಥಿ’ ಎಂದೇ ದಾಖಲಿಸಬೇಕೆಂದು ಹಟ ಹಿಡಿದನೆಂದು ಪ್ರತೀತಿ. ಗ್ರೀಕ್ ಕಲಿತವನು ಪಾದ್ರಿಯಾಗದೆ ಹೊಟ್ಟೆ ಹೊರೆಯುವುದು ಹೇಗೆಂಬ ಚಿಂತೆ ಅಂದಿನವರಿಗೂ ಇತ್ತು. ಮುಂದೆ ಅಮೆರಿಕದ ಬೇಸಿಲ್ ಗಿಲ್ಡರ್‌ಸ್ಲೀವ್ ೧೮೫೩ರಲ್ಲಿ ಅದೇ ಗಟಿಂಗೆನ್ನಿನಿಂದ ಡಾಕ್ಟರೇಟ್ ಪಡೆದು ಬಂದು, ೧೮೭೬ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಪ್ರಾಧ್ಯಾಪಕನಾಗಿ ಜರ್ಮನ್ ಪದ್ಧತಿಯ ಸಂಶೋಧನ ಶಿಕ್ಷಣವನ್ನು ತನ್ನ ದೇಶದಲ್ಲಿ ಬೇರೂರಿಸಿದನು. ಇಂದು ಹೊರದೇಶಗಳ ವಿದ್ಯಾರ್ಥಿಗಳು ಹೆಚ್ಚಾಗಿ ಅರಸಿ ಹೋಗುವುದು ಈ ಅಮೆರಿಕನ್ ಕ್ರಮವನ್ನೇ. ಇಕ್ಕಟ್ಟು ತೀವ್ರವಾಗಿರುವುದೂ ಅಲ್ಲಿಯೇ.

ಇಕ್ಕಟ್ಟಿನ ಸ್ವರೂಪವನ್ನು ತಿಳಿಯಬೇಕಾದರೆ, ಅಲ್ಲಿನ ವ್ಯವಸ್ಥೆಯ ಒಂದು ವೈಚಿತ್ರ್ಯವನ್ನು ಮೊದಲು ಗಮನಿಸಬೇಕು. ಅಮೆರಿಕದ ಪ್ರಮುಖ ವಿಶ್ವವಿದ್ಯಾಲಯಗಳಲ್ಲಿ ಗ್ರೀಕ್-ಲ್ಯಾಟಿನ್ ಡಾಕ್ಟರೇಟ್ ವಿದ್ಯಾರ್ಥಿಯು ಸಾಮಾನ್ಯವಾಗಿ ಶುಲ್ಕವನ್ನು ಕೊಡುವುದಿಲ್ಲ. ವಿಶ್ವವಿದ್ಯಾಲಯವೇ ಶುಲ್ಕವನ್ನು ಮನ್ನಾಮಾಡಿ, ಐದಾರು ವರ್ಷಗಳ ಕಾಲ ಜೀವನಕ್ಕೆ ವೇತನವನ್ನೂ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ವಿದ್ಯಾರ್ಥಿಯು ಕೆಲವು ವರ್ಷ ಕೆಳತರಗತಿಗಳಿಗೆ ಲ್ಯಾಟಿನ್ ವ್ಯಾಕರಣವನ್ನೋ ಗ್ರೀಕ್ ಪುರಾಣಕಥೆಗಳನ್ನೋ ಬೋಧಿಸಬೇಕು. ಕಾನೂನು ಅಥವಾ ವಾಣಿಜ್ಯ ಕಲಿಯಲು ಬರುವ ವಿದ್ಯಾರ್ಥಿ ಸಂಸ್ಥೆಗೆ ಆದಾಯ. ಹೋಮರನನ್ನು ಓದಲು ಬರುವ ವಿದ್ಯಾರ್ಥಿ ವೆಚ್ಚ. ವಿಜ್ಞಾನ ವಿಭಾಗಗಳಲ್ಲಿ ಇಂಥ ವೇತನದ ಒಂದು ದೊಡ್ಡ ಭಾಗ ಪ್ರಾಧ್ಯಾಪಕರು ಸರಕಾರದಿಂದ ತರುವ ಸಂಶೋಧನ ಅನುದಾನದಿಂದ ಬರುತ್ತದೆ. ಗ್ರೀಕ್ ಛಂದಸ್ಸಿಗೆ ಅಂಥ ಅನುದಾನ ಅಪರೂಪ. ಹಣ ವಿಶ್ವವಿದ್ಯಾಲಯದ ಸ್ವಂತ ಬೊಕ್ಕಸದಿಂದಲೇ ಬರಬೇಕು. ಆದುದರಿಂದ ಬೊಕ್ಕಸ ಬರಿದಾಗತೊಡಗಿದಾಗ ಮೊದಲು ಕೈಯಿಡುವುದು ಈ ಸ್ಥಾನಗಳಿಗೆ. ಯಾವ ಅಧ್ಯಾಪಕರನ್ನೂ ಕೆಲಸದಿಂದ ತೆಗೆಯಬೇಕಾಗಿಲ್ಲ, ಯಾವ ಕಟ್ಟಡವನ್ನೂ ಮಾರಬೇಕಾಗಿಲ್ಲ. ಮುಂದಿನ ವರ್ಷ ಯಾರನ್ನೂ ಸೇರಿಸಿಕೊಳ್ಳುವುದಿಲ್ಲವೆಂದು ಪ್ರಕಟಿಸಿದರೆ ಸಾಕು. ಇನ್ನೂ ಬಂದಿಲ್ಲದ ವಿದ್ಯಾರ್ಥಿ ಪ್ರತಿಭಟಿಸುವಂತಿಲ್ಲ.

೨೦೦೮ರ ಆರ್ಥಿಕ ಕುಸಿತದಲ್ಲಿ ಇದರ ಮೊದಲ ಪೆಟ್ಟು ಬಿತ್ತು. ೨೦೨೦ರ ಸಾಂಕ್ರಾಮಿಕದ ವೇಳೆ ಮಾನವಿಕ ಮತ್ತು ಸಮಾಜವಿಜ್ಞಾನಗಳ ಹಲವಾರು ವಿಭಾಗಗಳು ಮರುವರ್ಷದ ಡಾಕ್ಟರೇಟ್ ಪ್ರವೇಶವನ್ನು ತಡೆಹಿಡಿದವು. ಈಗಾಗಲೇ ಒಳಗಿರುವವರ ವ್ಯಾಸಂಗಕಾಲವನ್ನು ವಿಸ್ತರಿಸಲು ಆ ಹಣ ಬೇಕೆಂಬುದು ಅವು ಕೊಟ್ಟ ಕಾರಣ. ೨೦೨೧ರಲ್ಲಿ ಹೊವರ್ಡ್ ವಿಶ್ವವಿದ್ಯಾಲಯವು ತನ್ನ ಕ್ಲಾಸಿಕ್ಸ್ ವಿಭಾಗವನ್ನೇ ವಿಸರ್ಜಿಸುವುದಾಗಿ ಪ್ರಕಟಿಸಿತು. ಕಪ್ಪು ಜನರ ಶಿಕ್ಷಣಕ್ಕಾಗಿ ಸ್ಥಾಪಿತವಾದ ಅಮೆರಿಕನ್ ವಿಶ್ವವಿದ್ಯಾಲಯಗಳಲ್ಲಿ ಇಂಥ ವಿಭಾಗವಿದ್ದುದು ಅದೊಂದರಲ್ಲಿಯೇ. ೨೦೨೪ರ ನವೆಂಬರಿನಲ್ಲಿ ಬಾಸ್ಟನ್ ವಿಶ್ವವಿದ್ಯಾಲಯವು ಗ್ರೀಕ್-ಲ್ಯಾಟಿನ್ ಸೇರಿದಂತೆ ಹನ್ನೆರಡು ವಿಷಯಗಳಲ್ಲಿ ಮರುವರ್ಷದ ಡಾಕ್ಟರೇಟ್ ಪ್ರವೇಶವನ್ನು ನಿಲ್ಲಿಸಿತು. ಸಂಶೋಧನ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಮುಷ್ಕರ ಹೂಡಿ ಹೆಚ್ಚಿನ ವೇತನದ ಒಪ್ಪಂದವನ್ನು ಪಡೆದು ಕೆಲವು ವಾರಗಳಷ್ಟೇ ಆಗಿದ್ದವು. ವೇತನ ನ್ಯಾಯವಾಗಿ ಏರಿದುದರಿಂದಲೇ ಸ್ಥಾನಗಳು ಇಳಿಯುವ ಈ ವಿರೋಧಾಭಾಸಕ್ಕೆ ಯಾರೂ ಸಮಾಧಾನಕರವಾದ ಉತ್ತರವನ್ನು ಕೊಟ್ಟಂತಿಲ್ಲ. ೨೦೨೫ರ ಬೇಸಿಗೆಯಲ್ಲಿ ಅಮೆರಿಕದ ಶಾಸನವೊಂದು ಶ್ರೀಮಂತ ವಿಶ್ವವಿದ್ಯಾಲಯಗಳ ದತ್ತಿನಿಧಿಯ ಆದಾಯದ ಮೇಲಣ ತೆರಿಗೆಯನ್ನು ಗರಿಷ್ಠ ಶೇ. ೮ರವರೆಗೆ ಏರಿಸಿತು, ಸಂಶೋಧನ ಅನುದಾನಗಳೂ ಅದೇ ವರ್ಷ ಕಡಿತಗೊಂಡವು. ಆಗಸ್ಟಿನಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಮಾನವಿಕ ವಿಭಾಗಗಳಲ್ಲಿ ಹೆಚ್ಚಿನವು ೨೦೨೬-೨೭ನೆಯ ಸಾಲಿಗೆ ಹೊಸ ಡಾಕ್ಟರೇಟ್ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದಿಲ್ಲವೆಂದು ತಿಳಿಸಿದವು. ಅಕ್ಟೋಬರಿನಲ್ಲಿ ಹಾರ್ವರ್ಡ್ ತನ್ನ ಮಾನವಿಕ ವಿಷಯಗಳ ಡಾಕ್ಟರೇಟ್ ಸ್ಥಾನಗಳನ್ನು ಎರಡು ವರ್ಷಗಳ ಮಟ್ಟಿಗೆ ಸುಮಾರು ಶೇ. ೬೦ರಷ್ಟು ಇಳಿಸುತ್ತಿರುವುದಾಗಿ ವರದಿಯಾಯಿತು.

ಮುಚ್ಚಿದ್ದು ಒಳಬರುವ ಬಾಗಿಲು ಮಾತ್ರವಲ್ಲ. ಹೊರಹೋಗುವ ಬಾಗಿಲೂ ಕಿರಿದಾಗಿದೆ. ೨೦೦೮ರ ಅನಂತರ ಖಾಯಂ ಹುದ್ದೆಗಳು ಕುಗ್ಗಿ, ವರ್ಷಕ್ಕೊಮ್ಮೆ ಮುಗಿಯುವ ತಾತ್ಕಾಲಿಕ ಅಧ್ಯಾಪನವೇ ಅನೇಕರ ಪಾಲಿಗೆ ಬಂದಿದೆ. ಇವೆರಡನ್ನೂ ಬಲ್ಲ ಹಿರಿಯ ವಿದ್ವಾಂಸರು ತಮ್ಮ ಬಳಿಗೆ ಸಲಹೆ ಕೇಳಿ ಬರುವ ವಿದ್ಯಾರ್ಥಿಗೆ ಏನು ಹೇಳಬೇಕು? ‘ಬೇಡ’ವೆಂದರೆ ವಿದ್ಯೆಗೆ ದ್ರೋಹ, ಏನನ್ನೂ ತಿಳಿಸದೆ ‘ಹೋಗು’ ಎಂದರೆ ವಿದ್ಯಾರ್ಥಿಗೆ ದ್ರೋಹ. ಈ ಸಂಕಟದಲ್ಲಿ ಒಳ್ಳೆಯ ಗುರುಗಳು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಟ್ಟು ಕೇಳುತ್ತಾರೆ: ಈ ವಿದ್ಯಾರ್ಥಿಗೆ ಮೂಲವನ್ನು ಓದಲು ಬರುತ್ತದೆಯೆ? ಓದುವಷ್ಟು ಕಾಲ ಬದುಕಲು ಹಣವಿದೆಯೆ? ಒಂದರ ಉತ್ತರವನ್ನು ಇನ್ನೊಂದಕ್ಕೆ ಬಳಸಿಕೊಂಡಲ್ಲಿಯೇ ಹೆಚ್ಚಿನ ಅನರ್ಥಗಳು ನಡೆದಿವೆ.

ಮೊದಲನೆಯದು ಭಾಷೆಯ ಪ್ರಶ್ನೆ. ಅರ್ಜಿಯನ್ನು ಪರಿಶೀಲಿಸುವ ಅಧ್ಯಾಪಕರು ಎಷ್ಟು ವರ್ಷ ಗ್ರೀಕ್, ಎಷ್ಟು ವರ್ಷ ಲ್ಯಾಟಿನ್ ಎಂಬುದನ್ನು ನೋಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಯಾವ ಗ್ರಂಥಕಾರರನ್ನು ಮೂಲದಲ್ಲಿ, ಎಷ್ಟರಮಟ್ಟಿಗೆ ಓದಲಾಗಿದೆ ಎಂಬುದನ್ನು ನೋಡುತ್ತಾರೆ. ಅನುವಾದದಲ್ಲಿ ಸಾಫೊಕ್ಲಿಸನ ಏಳು ನಾಟಕಗಳನ್ನು ಓದಿರುವುದಕ್ಕಿಂತ ಮೂಲದಲ್ಲಿ ಒಂದನ್ನು ಓದಿರುವುದು ಹೆಚ್ಚು ತೂಗುತ್ತದೆ. ಪ್ರವೇಶವಾದ ಮೇಲೆ ಎದುರಿಗೆ ಬರುವುದು ವಿಭಾಗದ ಓದಿನ ಪಟ್ಟಿ: ಹೋಮರ್, ಹೆರೊಡೊಟಸ್, ಥುಸಿಡಿಡೀಸ್, ಪ್ಲೇಟೊ, ಸಿಸೆರೊ, ವರ್ಜಿಲ್, ಲಿವಿ, ಟ್ಯಾಸಿಟಸ್ ಮೊದಲಾದವರಿಂದ ಆಯ್ದ ಸಾವಿರಾರು ಪಂಕ್ತಿಗಳು. ಅವುಗಳಲ್ಲಿ ಎಲ್ಲಿಂದ ಕೊಟ್ಟರೂ ಅನುವಾದಿಸಬಲ್ಲೆನೆಂದು ಪರೀಕ್ಷೆಯಲ್ಲಿ ತೋರಿಸಬೇಕು. ಜೊತೆಗೆ ಜರ್ಮನ್, ಹಾಗೂ ಫ್ರೆಂಚ್ ಅಥವಾ ಇಟಾಲಿಯನ್ ಭಾಷೆಗಳಲ್ಲಿ ಸಂಶೋಧನ ಲೇಖನಗಳನ್ನು ಓದಬಲ್ಲ ಶಕ್ತಿ ಬೇಕು. ೨೦೨೧ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು ತನ್ನ ಸ್ನಾತಕ ವಿದ್ಯಾರ್ಥಿಗಳಿಗೆ ಗ್ರೀಕ್ ಇಲ್ಲವೆ ಲ್ಯಾಟಿನ್ ಕಡ್ಡಾಯವೆಂಬ ನಿಯಮವನ್ನು ಕೈಬಿಟ್ಟಾಗ ದೊಡ್ಡ ವಿವಾದವೆದ್ದಿತು. ಆದರೆ ಅದು ಸ್ನಾತಕ ಹಂತದ ಮಾತು. ಡಾಕ್ಟರೇಟಿನ ಸಾಹಿತ್ಯಾಧ್ಯಯನಕ್ಕೆ ಭಾಷೆಯ ಭಾರ ಎಂದಿನಂತೆಯೇ ಇದೆ.

ತಡವಾಗಿ ಗ್ರೀಕ್ ಕಲಿತವರು ಏನು ಮಾಡಬೇಕು? ಪೆನ್ಸಿಲ್ವೇನಿಯ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಮುಂತಾದೆಡೆಗಳಲ್ಲಿ ಪದವಿಯ ಅನಂತರದ ಒಂದೆರಡು ವರ್ಷಗಳ ಭಾಷಾಶಿಕ್ಷಣ ಕ್ರಮಗಳು ಇದಕ್ಕಾಗಿಯೇ ರೂಪುಗೊಂಡವು. ಬಡ ಮನೆತನದಿಂದ ಬಂದವರಿಗೆ, ಲ್ಯಾಟಿನ್ ಕಲಿಸದ ಶಾಲೆಗಳಲ್ಲಿ ಓದಿದವರಿಗೆ, ಇದು ನಿಜವಾದ ಉಪಕಾರ. ಆದರೆ ಇಲ್ಲಿ ಶುಲ್ಕವನ್ನು ಹೆಚ್ಚಾಗಿ ವಿದ್ಯಾರ್ಥಿಯೇ ತೆರಬೇಕು. ಡಾಕ್ಟರೇಟ್ ಸ್ಥಾನಗಳೇ ಮುಚ್ಚಿರುವ ವರ್ಷದಲ್ಲಿ ಸಾಲಮಾಡಿ ಇದನ್ನು ಸೇರುವುದು ಎರಡು ಸಲ ಯೋಚಿಸಬೇಕಾದ ಕೆಲಸ.

ಅರ್ಜಿಯ ಉಳಿದ ಅಂಗಗಳಲ್ಲಿ ಬರವಣಿಗೆಯ ಮಾದರಿಯೇ ಪ್ರಧಾನ. ಇಪ್ಪತ್ತು ಪುಟಗಳ ಆಸುಪಾಸಿನ ಆ ಪ್ರಬಂಧ ಮೂಲಪಾಠದ ಒಂದು ಸಣ್ಣ ಭಾಗವನ್ನು ಹಿಡಿದು, ಅದರ ಶಬ್ದಗಳೊಡನೆ ಸೆಣಸಿರಬೇಕು. ಗ್ರೀಕ್ ನಾಗರಿಕತೆಯ ಮಹಿಮೆಯನ್ನು ಕೊಂಡಾಡುವ ಪ್ರಬಂಧ ಎಷ್ಟು ಸೊಗಸಾಗಿದ್ದರೂ ಪಕ್ಕಕ್ಕೆ ಸರಿಯುತ್ತದೆ. ಉದ್ದೇಶಪತ್ರವೆಂಬ ಎರಡು ಪುಟಗಳ ಬರಹದಲ್ಲಿ ಬಹುಮಂದಿ ಬಾಲ್ಯದಲ್ಲಿ ಟ್ರಾಯ್ ನಗರದ ಕಥೆ ಕೇಳಿ ರೋಮಾಂಚನಗೊಂಡುದನ್ನು ವರ್ಣಿಸುತ್ತಾರೆ. ಆ ಅನುಭವ ನಿಜವೇ ಇರಬಹುದು. ಆದರೆ ಓದುವವರ ಮುಂದಿರುವ ಅರ್ಜಿಗಳಲ್ಲಿ ಅರ್ಧಕ್ಕೆ ಅರ್ಧ ಅದನ್ನೇ ಹೇಳುತ್ತಿರುತ್ತವೆ. ಅವರಿಗೆ ಬೇಕಾದುದು ಈ ವಿದ್ಯಾರ್ಥಿಯು ಯಾವ ಪ್ರಶ್ನೆಯನ್ನು ಹೊತ್ತು ಬಂದಿದ್ದಾನೆ, ತಮ್ಮ ವಿಭಾಗದಲ್ಲಿ ಯಾರ ಬಳಿ ಕುಳಿತು ಅದನ್ನು ಬಿಡಿಸಬೇಕೆಂದಿದ್ದಾನೆ ಎಂಬುದು. ಅಂಥ ಪ್ರಾಧ್ಯಾಪಕರು ಆ ಸಾಲಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವರೇ, ನಿವೃತ್ತರಾಗುವವರೇ ಎಂದು ಮುಂಚಿತವಾಗಿ ಪತ್ರ ಬರೆದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ವಿಭಾಗವೇ ಪ್ರವೇಶವನ್ನು ನಿಲ್ಲಿಸಿದೆಯೇ ಎಂಬುದನ್ನು ಅರ್ಜಿಯ ಶುಲ್ಕ ಕಟ್ಟುವ ಮೊದಲು ವಿಚಾರಿಸುವುದಂತೂ ಈಚಿನ ವರ್ಷಗಳಲ್ಲಿ ಅನಿವಾರ್ಯವಾಗಿದೆ.

ಮೂವರು ಅಧ್ಯಾಪಕರ ಶಿಫಾರಸು ಪತ್ರಗಳ ವಿಷಯದಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಒಂದು ತೊಡಕಿದೆ. ನಮ್ಮಲ್ಲಿ ಇಂಥ ಪತ್ರಗಳು ಸಾಮಾನ್ಯವಾಗಿ ಸನ್ನಡತೆಯ ಪ್ರಮಾಣಪತ್ರಗಳಂತಿರುತ್ತವೆ: ವಿನಯಶೀಲ, ಪರಿಶ್ರಮಿ, ತರಗತಿಗೆ ಪ್ರಥಮ. ಅಲ್ಲಿನವರು ಬಯಸುವುದು ಈ ವಿದ್ಯಾರ್ಥಿ ಒಂದು ಕಠಿಣ ವಾಕ್ಯವನ್ನು ಹೇಗೆ ಬಿಡಿಸಿದ, ತಪ್ಪನ್ನು ತೋರಿಸಿದಾಗ ಹೇಗೆ ತಿದ್ದಿಕೊಂಡ ಎಂಬ ನಿದರ್ಶನಗಳನ್ನು. ಸಂಸ್ಕೃತವನ್ನು ಶಾಸ್ತ್ರೋಕ್ತವಾಗಿ ಕಲಿತವರಿಗೆ ಗ್ರೀಕ್ ವ್ಯಾಕರಣ ಅಷ್ಟಾಗಿ ಹೆದರಿಸುವುದಿಲ್ಲ. ವಿಭಕ್ತಿ, ದ್ವಿವಚನ, ಆತ್ಮನೇಪದದ ಸೋದರ ರೂಪಗಳು ಅಲ್ಲಿ ಎದುರಾಗುತ್ತವೆ. ಆದರೂ ಸಂಸ್ಕೃತವು ಗ್ರೀಕಿಗೆ ಬದಲಿಯಾಗದು. ಭಾರತದಲ್ಲಿ ಗ್ರೀಕ್-ಲ್ಯಾಟಿನ್‌ಗಳನ್ನು ಕ್ರಮವಾಗಿ ಕಲಿಯಲು ಕ್ರೈಸ್ತ ಸೆಮಿನರಿಗಳನ್ನು ಬಿಟ್ಟರೆ ಎಡೆಗಳು ಬಲು ಕಡಿಮೆ.

ಎರಡನೆಯದು ಹಣದ ಪ್ರಶ್ನೆ. ಇಲ್ಲಿ ಅನುಭವಿಗಳ ಮಾತು ಒಂದೇ: ವೇತನವಿಲ್ಲದ ಪ್ರವೇಶಪತ್ರ ಬಂದರೆ ಅದನ್ನು ಮರ್ಯಾದೆಯ ನಿರಾಕರಣೆಯೆಂದೇ ಭಾವಿಸಬೇಕು. ಅಮೆರಿಕದಲ್ಲಿ ಪ್ರವೇಶವೂ ವೇತನವೂ ಸಾಮಾನ್ಯವಾಗಿ ಜೊತೆಯಾಗಿ ಬರುತ್ತವೆ. ಇಂಗ್ಲೆಂಡಿನಲ್ಲಿ ಹಾಗಲ್ಲ, ಮೊದಲು ಸ್ನಾತಕೋತ್ತರ ಪದವಿ ಬೇಕು, ಪ್ರವೇಶದ ನಿರ್ಣಯ ಬೇರೆ, ಹಣದ ನಿರ್ಣಯ ಬೇರೆ. ಪ್ರಸಿದ್ಧ ವಿಶ್ವವಿದ್ಯಾಲಯದ ಮುದ್ರೆಯುಳ್ಳ ಪತ್ರ ಕೈಸೇರಿದಾಗ ಊರೆಲ್ಲ ಸಂಭ್ರಮಪಡುವುದೂ, ಹೊರದೇಶದವರಿಗೆ ವಿಧಿಸುವ ಶುಲ್ಕದ ಮೊತ್ತ ತಿಳಿದ ಮೇಲೆ ಮನೆಯವರು ಜಮೀನಿನ ಪತ್ರಗಳನ್ನು ಹುಡುಕುವುದೂ ಇದರಿಂದಲೇ. ಅಲ್ಲಿನ ಕಲೆ ಮತ್ತು ಮಾನವಿಕ ಸಂಶೋಧನ ಮಂಡಳಿಯೂ ತಾನು ಕೊಡುವ ಡಾಕ್ಟರೇಟ್ ವಿದ್ಯಾರ್ಥಿವೇತನಗಳ ಸಂಖ್ಯೆಯನ್ನು ಕ್ರಮೇಣ ಇಳಿಸುವುದಾಗಿ ೨೦೨೩ರಲ್ಲಿ ಪ್ರಕಟಿಸಿತು. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಶುಲ್ಕವಿಲ್ಲ. ಆದರೆ ಜೀವನವೆಚ್ಚಕ್ಕೆ ಸಹಾಯಕ ಹುದ್ದೆಯೋ ಪ್ರತಿಷ್ಠಾನದ ನೆರವೋ ದೊರೆಯಬೇಕು, ಜರ್ಮನ್ ಚೆನ್ನಾಗಿ ಬರಬೇಕು.

ಈ ವಿದ್ಯೆಯು ಕಷ್ಟಕಾಲವನ್ನು ಕಂಡುದು ಇದೇ ಮೊದಲಲ್ಲ. ವಿಲಿಯಂ ಸ್ಯಾಂಡರ್ಸ್ ಸ್ಕಾರ್ಬರೊ ೧೮೫೨ರಲ್ಲಿ ಜಾರ್ಜಿಯ ಪ್ರಾಂತದ ಮೇಕನ್ ಊರಿನಲ್ಲಿ ಗುಲಾಮನಾಗಿ ಹುಟ್ಟಿದವನು. ಗುಲಾಮರಿಗೆ ಅಕ್ಷರ ಕಲಿಸುವುದು ಅಪರಾಧವಾಗಿದ್ದ ಕಾಲದಲ್ಲಿ ಗುಟ್ಟಾಗಿ ಓದಲು ಕಲಿತನು. ಕಪ್ಪು ಮನುಷ್ಯನಿಗೆ ಗ್ರೀಕ್ ವಾಕ್ಯರಚನೆ ತಿಳಿದುದಾದರೆ ಆಗ ಮಾತ್ರ ಅವನನ್ನು ಮನುಷ್ಯನೆಂದು ಒಪ್ಪುವೆನೆಂದು ಸೆನೆಟರ್ ಕ್ಯಾಲ್ಹೂನ್ ಆಡಿದನೆನ್ನಲಾದ ಮಾತೊಂದು ಆ ದೇಶದಲ್ಲಿ ಪ್ರಚಲಿತವಾಗಿತ್ತು. ಸ್ಕಾರ್ಬರೊ ೧೮೮೧ರಲ್ಲಿ ಗ್ರೀಕ್ ಭಾಷೆಯ ಪ್ರಥಮ ಪಾಠಪುಸ್ತಕವೊಂದನ್ನೇ ಬರೆದು ಪ್ರಕಟಿಸಿದನು. ೧೮೬೯ರಲ್ಲಿ ಸ್ಥಾಪಿತವಾಗಿದ್ದ ಅಮೆರಿಕನ್ ಭಾಷಾಶಾಸ್ತ್ರ ಸಂಘ ಮರುವರ್ಷ ಅವನನ್ನು ಸದಸ್ಯನನ್ನಾಗಿ ಸ್ವೀಕರಿಸಿತು. ಗುಲಾಮಗಿರಿಯ ಪಕ್ಷದಲ್ಲಿ ನಿಂತು ಅಂತರ್ಯುದ್ಧದಲ್ಲಿ ಹೋರಾಡಿ ಗಾಯಗೊಂಡಿದ್ದ ಗಿಲ್ಡರ್‌ಸ್ಲೀವ್ ಅದೇ ಸಂಘದ ಹಿರಿಯರಲ್ಲೊಬ್ಬನಾಗಿದ್ದನೆಂಬುದನ್ನು ನೆನೆದರೆ ಆ ಸದಸ್ಯತ್ವದ ಬೆಲೆ ತಿಳಿಯುತ್ತದೆ. ಕುರ್ಟ್ ಫಾನ್ ಫ್ರಿಟ್ಸ್ ಹಿಟ್ಲರನ ಹೆಸರಿನಲ್ಲಿ ನಿಷ್ಠೆಯ ಪ್ರಮಾಣವಚನ ಸ್ವೀಕರಿಸಲೊಪ್ಪದೆ ರಾಸ್ಟಾಕ್ ವಿಶ್ವವಿದ್ಯಾಲಯದ ಹುದ್ದೆಯನ್ನು ಕಳೆದುಕೊಂಡು ದೇಶವನ್ನೇ ಬಿಟ್ಟನು. ಮೋಸೆಸ್ ಫಿನ್ಲೆ ೧೯೫೨ರಲ್ಲಿ ಸೆನೆಟ್ ಉಪಸಮಿತಿಯ ಮುಂದೆ ರಾಜಕೀಯ ಪ್ರಶ್ನೆಗೆ ಉತ್ತರಿಸದೆ ರಟ್‌ಗರ್ಸ್ ವಿಶ್ವವಿದ್ಯಾಲಯದ ಕೆಲಸಕ್ಕೆ ಎರವಾದನು. ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್ಜಿನಲ್ಲಿ ನೆಲೆಸಿ, ಪ್ರಾಚೀನ ಆರ್ಥಿಕ ಜೀವನದ ಅಧ್ಯಯನಕ್ಕೆ ಹೊಸ ದಿಕ್ಕನ್ನು ತೋರಿದನು.

ಇಂಥ ಕಥೆಗಳನ್ನು ಇಂದಿನ ಅಭ್ಯರ್ಥಿಗಳಿಗೆ ಹೇಳಿ ಧೈರ್ಯ ತುಂಬುವ ರೂಢಿಯುಂಟು. ಅದರಲ್ಲಿ ಒಂದು ಮೋಸವಿದೆ. ಗೆದ್ದವರ ಹೆಸರು ಉಳಿಯುತ್ತದೆ; ಅದೇ ವರ್ಷಗಳಲ್ಲಿ ಅಷ್ಟೇ ಗ್ರೀಕ್ ಬಲ್ಲವರಾಗಿ, ಹಡಗಿನ ಟಿಕೆಟ್ಟು ದೊರೆಯದೆ, ಪರಿಚಯದ ಪತ್ರ ದೊರೆಯದೆ ಉಳಿದುಹೋದವರ ಲೆಕ್ಕವಿಲ್ಲ. ಸ್ಥಾನಗಳೇ ಇಲ್ಲದ ವರ್ಷದಲ್ಲಿ ಬಂದ ನಿರಾಕರಣಪತ್ರ ಸ್ಥಾನಗಳ ಎಣಿಕೆಯನ್ನು ತಿಳಿಸುತ್ತದೆಯೇ ಹೊರತು ವಿದ್ಯಾರ್ಥಿಯ ಯೋಗ್ಯತೆಯನ್ನಲ್ಲ. ಇದನ್ನು ಪತ್ರ ಬರೆಯುವ ವಿಭಾಗವೇ ಸ್ಪಷ್ಟವಾಗಿ ತಿಳಿಸಿದರೆ ಎಷ್ಟೋ ಮಂದಿ ತಮ್ಮ ಗ್ರೀಕ್ ಪುಸ್ತಕಗಳನ್ನು ಅಟ್ಟಕ್ಕೇರಿಸದೆ ಉಳಿಯುತ್ತಾರೆ.

ಕನ್ನಡಿಗರಿಗೆ ಇದು ತೀರ ಪರರ ಮನೆಯ ಸುದ್ದಿಯಲ್ಲ. ಬಿ. ಎಂ. ಶ್ರೀಕಂಠಯ್ಯನವರು ಸಾಫೊಕ್ಲಿಸನ ‘ಅಯಾಸ್’ ನಾಟಕದ ಮಾದರಿಯಲ್ಲಿ ‘ಅಶ್ವತ್ಥಾಮನ್’ ಅನ್ನು ೧೯೨೯ರಲ್ಲೂ, ಈಸ್ಕಿಲಸನ ನಾಟಕದಿಂದ ‘ಪಾರಸಿಕರು’ ಅನ್ನು ೧೯೩೫ರಲ್ಲೂ ಕನ್ನಡಕ್ಕೆ ಕೊಟ್ಟರು. ಷಿಕಾಗೊದಲ್ಲಿ ಗ್ರೀಕ್-ಲ್ಯಾಟಿನ್ ವಿಭಾಗದ ಜೊತೆಗೇ ಪ್ರವೇಶವನ್ನು ನಿಲ್ಲಿಸಿದ ವಿಭಾಗಗಳಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ವಿಭಾಗವೂ ಒಂದು. ೧೯೭೩ರಲ್ಲಿ ವಚನಗಳ ಇಂಗ್ಲಿಷ್ ಅನುವಾದವನ್ನು ಹೊರತಂದ ಎ. ಕೆ. ರಾಮಾನುಜನ್ ೧೯೯೩ರಲ್ಲಿ ತೀರಿಕೊಳ್ಳುವವರೆಗೆ ಪಾಠ ಹೇಳಿದ್ದುದು ಅದೇ ವಿಶ್ವವಿದ್ಯಾಲಯದಲ್ಲಿ. ಇವೆಲ್ಲಕ್ಕಿಂತ ಹತ್ತಿರದ್ದು ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು ೧೯೦೩ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದ ಗ್ರೀಕ್ ಪ್ರಹಸನ. ಭಾರತದ ಕಡಲತೀರದಲ್ಲಿ ಸೆರೆಯಾದ ಕಾರಿಟಿಯೋನ್ ಎಂಬ ಗ್ರೀಕ್ ಯುವತಿಯನ್ನು ಬಿಡಿಸಿಕೊಂಡು ಹೋಗುವ ಕಥೆ ಅದು. ಅಲ್ಲಿನ ರಾಜನೂ ಪರಿವಾರವೂ ಆಡುವ ಮಾತುಗಳನ್ನು ಗ್ರೀಕ್ ಲಿಪಿಯಲ್ಲಿ ಬರೆದಿದೆ. ಅವು ಕನ್ನಡವೆಂದು ೧೯೦೪ರಲ್ಲಿ ಹುಲ್ಟ್‌ಷ್ ಸೂಚಿಸಿದನು, ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ವಾದವನ್ನು ಬೆಳೆಸಿದರು, ಒಪ್ಪದವರೂ ಅನೇಕರಿದ್ದಾರೆ. ಇದನ್ನು ಬಗೆಹರಿಸಬೇಕಾದವರು ಎರಡನೆಯ ಶತಮಾನದ ಗ್ರೀಕ್ ಕೈಬರಹವನ್ನು ಓದಬಲ್ಲವರಾಗಿರಬೇಕು, ದ್ರಾವಿಡ ಭಾಷೆಗಳ ಪ್ರಾಚೀನ ರೂಪಗಳನ್ನು ಬಲ್ಲವರೂ ಆಗಿರಬೇಕು. ಅಂಥವರೊಬ್ಬರು ಸಿದ್ಧರಾಗಲು ಹದಿನೈದು ವರ್ಷವಾದರೂ ಹಿಡಿಯುತ್ತದೆ. ಕಲಿಸುವವರು ನಿವೃತ್ತರಾಗುವ ಹೊತ್ತಿಗೆ ಕಲಿಯುವವರು ಒಳಗೆ ಬಂದಿರಬೇಕು. ಎರಡು ವರ್ಷದ ತಡೆ ಆಡಳಿತದ ಲೆಕ್ಕದಲ್ಲಿ ಚಿಕ್ಕದು. ಕೈಬೆರಳೆಣಿಕೆಯ ವಿದ್ಯಾರ್ಥಿಗಳಿರುವ ವಿಭಾಗದಲ್ಲಿ ಅದು ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಹೇಳಿಕೊಡುವ ಸಾಲನ್ನೇ ಮುರಿಯುತ್ತದೆ.

ಕಾಲಕ್ರಮದ ವಿಷಯ ಒಂದಿಷ್ಟು ಉಳಿದಿದೆ. ಅಮೆರಿಕದಲ್ಲಿ ಅರ್ಜಿಗಳ ಗಡುವು ಬಹುಮಟ್ಟಿಗೆ ಡಿಸೆಂಬರ್-ಜನವರಿಗಳಲ್ಲಿ, ಉತ್ತರಗಳು ಫೆಬ್ರವರಿ-ಮಾರ್ಚಿಯಲ್ಲಿ. ವೇತನಸಹಿತ ಆಹ್ವಾನಕ್ಕೆ ಏಪ್ರಿಲ್ ೧೫ಕ್ಕಿಂತ ಮೊದಲು ಉತ್ತರಿಸಲೇಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸಬಾರದೆಂಬ ಒಪ್ಪಂದಕ್ಕೆ ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಸಹಿಹಾಕಿವೆ. ಇದು ವಿದ್ಯಾರ್ಥಿಯ ರಕ್ಷಣೆಗೆಂದು ಮಾಡಿದ ಏರ್ಪಾಡು. ಆದರೆ ಎರಡು ಮೂರು ಆಹ್ವಾನಗಳನ್ನು ಪಡೆದವರು ಎಲ್ಲವನ್ನೂ ಆ ದಿನದವರೆಗೆ ಹಿಡಿದಿಟ್ಟುಕೊಂಡರೆ, ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಕರೆ ಬರುವುದು ಏಪ್ರಿಲ್ ೧೫ರ ಸಂಜೆಯೇ; ಅಷ್ಟರಲ್ಲಿ ಅವರು ವೇತನವಿಲ್ಲದ ಬೇರೊಂದು ಕಡೆಗೆ ಒಪ್ಪಿಗೆ ಕೊಟ್ಟಿರಬಹುದು, ಇಲ್ಲವೆ ಬ್ಯಾಂಕಿನ ಕೆಲಸಕ್ಕೆ ಸೇರಿರಬಹುದು. ನಾಲ್ಕು ಸ್ಥಾನಗಳಿದ್ದೆಡೆ ಒಂದೇ ಉಳಿದಿರುವ ವರ್ಷಗಳಲ್ಲಿ, ತಾನು ಸೇರದ ವಿಭಾಗಕ್ಕೆ ಮಾರ್ಚಿಯಲ್ಲಿಯೇ ಎರಡು ಸಾಲು ಬರೆದು ತಿಳಿಸುವ ವಿದ್ಯಾರ್ಥಿಯಿಂದ ಆ ಸ್ಥಾನ ಇನ್ನೊಬ್ಬರ ಪಾಲಿಗೆ ಬರುತ್ತದೆ.